ಉದ್ದ ಮೆನು, ಉದ್ದ ಸಾಲು

ಮೆನು ಉದ್ದ ಇದ್ದಷ್ಟೂ ಗಿರಾಕಿಗಳು ಜಾಸ್ತಿ ಎಂದು ಫುಡ್ ಟ್ರಕ್ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಟ್ರಕ್ ಮಟ್ಟಿಗೆ ಇದು ಉಲ್ಟಾ ಅಲ್ವಾ? ಒಳಗೆ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಇರುವುದು ಒಂದು ತವಾ, ಒಂದು ಪುಟ್ಟ ಫ್ರಿಜ್.

ಲೆಕ್ಕ ಹಾಕಿ ನೋಡಿ. ಒಂದು ಆರ್ಡರ್‌ಗೆ 2 ನಿಮಿಷ ಹಿಡಿದರೆ ಗಂಟೆಗೆ 30 ಜನ. 4 ನಿಮಿಷವಾದರೆ ಬರೀ 15. ಊಟದ ಹೊತ್ತಿನ ರಶ್ ಇರುವುದೇ ಒಂದೆರಡು ಗಂಟೆ! 6–8 ಐಟಂ ಸಾಕು. ಒಂದೇ ಸಾಸ್, ಒಂದೇ ಹೆಚ್ಚಿದ ತರಕಾರಿ ಮೂರು ತಿಂಡಿಗೆ ಬರಬೇಕು. ಸಾಮಾನು ಹಾಳಾಗುವುದೂ ಕಮ್ಮಿ. ತಣ್ಣಗಿನ ಪದಾರ್ಥ 5 ಡಿಗ್ರಿಗಿಂತ ಕೆಳಗಿರಬೇಕು. ನಿಮಿಷಕ್ಕೊಮ್ಮೆ ಬಾಗಿಲು ತೆಗೆದರೆ ಆ ಪುಟ್ಟ ಫ್ರಿಜ್ ಎಲ್ಲಿ ತಡೆಯುತ್ತದೆ?

ಇನ್ನೊಂದು ವಿಷಯ, ಜನ ನಿಂತುಕೊಂಡು ತಿನ್ನುತ್ತಾರೆ. ಒಮ್ಮೆ ಒಂದು ಟ್ರಕ್ ಮುಂದೆ ನಾನು ಒಂದು ಕೈಯಲ್ಲಿ ಬ್ಯಾಗ್, ಇನ್ನೊಂದರಲ್ಲಿ ಸಾಸ್ ಸೋರುವ ತಟ್ಟೆ ಹಿಡಿದು ನಿಂತಿದ್ದೆ. ಚಮಚಕ್ಕೆ ಮೂರನೇ ಕೈ ಬೇಕಿತ್ತು. ರುಚಿಯೇನೋ ಚೆನ್ನಾಗಿತ್ತು, ಆದರೆ ಮತ್ತೆ ಹೋಗಲಿಲ್ಲ.

ಟ್ರಕ್‌ಗೆ ಒಳ್ಳೆ ಬಣ್ಣ, ಲೈಟ್ ಬೇಕು ಎಂದು ನೀವು ಹೇಳಿದ್ದು ಸರಿ. ಅದಕ್ಕಿಂತ ಮೊದಲು ಮೆನು ಬೋರ್ಡ್ ಸಾಲಿನ ಕೊನೆಯವರಿಗೂ ಕಾಣಲಿ. ಕಿಟಕಿ ಹತ್ತಿರ ಬಂದ ಮೇಲೆ ಯೋಚನೆ ಶುರು ಮಾಡಿದರೆ, ಹಿಂದಿನವರು ಸುಮ್ನೆ ಜಾಗ ಖಾಲಿ ಮಾಡುತ್ತಾರೆ.