ರಾತ್ರಿ 2 ಗಂಟೆಯ ಔಷಧಿ

ನನ್ನ ತಂಗಿಯ ಮಗ ಒಂಬತ್ತು ತಿಂಗಳಿನವನಿದ್ದಾಗ ಸ್ನಾನದ ಮಗ್ಗಿಗೇ ಬಾಯಿ ಹಾಕಿ ನೀರು ಕುಡಿಯುತ್ತಿದ್ದ. ಕಿತ್ತುಕೊಂಡರೆ ಒಂದೇ ಸಮ ಅಳು. ತಿನ್ನಿಸಿದ್ದೆಲ್ಲ ವಾಂತಿ. ಡೈಪರ್ ಹಾಕಿದ ಸ್ವಲ್ಪ ಹೊತ್ತಿಗೇ ತುಂಬಿ ಜೋತು ಬೀಳುತ್ತಿತ್ತು. ತೂಕ ಮಾತ್ರ ಏರಲೇ ಇಲ್ಲ. "ತಾಯಿಗೆ ಉಣಿಸೋಕೆ ಬರಲ್ಲ, ನೀರು ಕಮ್ಮಿ ಮಾಡು, ಹಸಿವಾಗುತ್ತೆ" ಅಂದರು ಎಲ್ಲರೂ. ನಾನೂ ಅಂದಿದ್ದೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಯಿಲೆಯ ಹೆಸರು ಸಿಸ್ಟಿನೋಸಿಸ್. ಒಂದೆರಡು ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಸಿಸ್ಟಿನ್ ಅನ್ನುವ ವಸ್ತು ಜೀವಕೋಶದೊಳಗಿನ ಪುಟ್ಟ ಚೀಲಗಳಿಂದ ಹೊರಗೆ ಹೋಗಬೇಕು. ಸಿಟಿಎನ್‌ಎಸ್ ಜೀನ್ ಕೆಟ್ಟಿದ್ದರೆ ಅದು ಅಲ್ಲೇ ಸೇರಿ ಹರಳುಗಟ್ಟುತ್ತದೆ. ಮೊದಲ ಪೆಟ್ಟು ಕಿಡ್ನಿಗೆ. ಪೊಟ್ಯಾಸಿಯಂ, ಫಾಸ್ಫೇಟ್, ಸಕ್ಕರೆ ಎಲ್ಲ ಮೂತ್ರದಲ್ಲಿ ಸೋರಿ ಹೋಗುತ್ತವೆ, ಜೊತೆಗೆ ನೀರೂ. ಅಂಥ ಮಗುವಿಗೆ ನೀರು ತಡೆದರೆ ಜೀವಕ್ಕೇ ಅಪಾಯ!

"ಯಾರ ಕಡೆಯಿಂದ ಬಂತು?" ಅಂತ ಕೇಳುವವರಿಗೆ: ಇಬ್ಬರ ಕಡೆಯಿಂದಲೂ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇರುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಸುಮ್ನೆ ತಾಯಿಯ ಮೇಲೆ ಹಾಕಬೇಡಿ.

ಸೋರಿದ್ದನ್ನು ತುಂಬಿಕೊಡುವ ಔಷಧಿಗಳು ಬೇರೆ. ಒಳಗೆ ಸೇರಿದ್ದನ್ನು ಕರಗಿಸಿ ಕಳಿಸುವುದು ಸಿಸ್ಟಿಯಮೈನ್. ಅಮೆರಿಕದಲ್ಲಿ 1994ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 6 ಗಂಟೆಗೊಮ್ಮೆ ಕೊಡಬೇಕು. ಕೊಳೆತ ಮೊಟ್ಟೆಯಂಥ ವಾಸನೆ, ಮಗುವಿನ ಉಸಿರಲ್ಲೂ ಅದೇ. 12 ಗಂಟೆಗೊಮ್ಮೆ ಕೊಡುವ ಬಗೆ 2013ರಲ್ಲಿ ಬಂದಿದೆ, ಆದರೆ ಬೆಲೆ ಬಲು ಜಾಸ್ತಿ. ಕಣ್ಣಿಗೆ ಬೇರೆಯೇ ಡ್ರಾಪ್ಸ್ ಬೇಕು, ಕುಡಿದ ಔಷಧಿ ಕಣ್ಣಿನ ಹರಳುಗಳಿಗೆ ತಲುಪುವುದಿಲ್ಲ.

ನನ್ನ ಜಗಳ ಇರುವುದು ಆ ಮಧ್ಯರಾತ್ರಿಯ ಡೋಸ್ ಬಗ್ಗೆ. ಮಗು ಸ್ವಲ್ಪ ಚೇತರಿಸಿಕೊಂಡ ಕೂಡಲೇ "ಮಲಗಿರೋ ಮಗುನ ಯಾಕೆ ಎಬ್ಬಿಸ್ತೀಯ, ಬೆಳಿಗ್ಗೆ ಕೊಟ್ಟರಾಯ್ತು" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಗೊತ್ತು. ಆದರೆ ಔಷಧಿಯ ಕಸುವು ಇಳಿದ ಕೂಡಲೇ ಸಿಸ್ಟಿನ್ ಮತ್ತೆ ಏರುತ್ತದೆ. ಮಗು ನಗುತ್ತಾ ಆಡುತ್ತಿದ್ದರೂ ಏರುತ್ತದೆ. ಔಷಧಿಯೇ ಇಲ್ಲದಿದ್ದರೆ ಸುಮಾರು 10 ವರ್ಷದ ಹೊತ್ತಿಗೆ ಕಿಡ್ನಿ ಕೈಬಿಡುತ್ತದೆ. ಬೇಗ ಶುರು ಮಾಡಿ ತಪ್ಪದೆ ಕೊಟ್ಟರೆ ಅದನ್ನು ಎಷ್ಟೋ ವರ್ಷ ಮುಂದೂಡಬಹುದು. ಕಿಡ್ನಿ ಕಸಿ ಮಾಡಿದರೂ ಥೈರಾಯ್ಡ್, ಸ್ನಾಯುಗಳಲ್ಲಿ ಸಿಸ್ಟಿನ್ ಸೇರುತ್ತಲೇ ಇರುತ್ತದೆ, ಹಾಗಾಗಿ ಔಷಧಿ ಜೀವನಪೂರ್ತಿ.

ಹಾಗಂತ ದಿನಾ ರಾತ್ರಿ ತಾಯಿ ಒಬ್ಬಳೇ ಏಳಬೇಕಾ? ಕ್ಯಾಪ್ಸೂಲ್ ಬಿಚ್ಚಿ ಕಲಸುವುದನ್ನು ಮನೆಯವರೆಲ್ಲ ಕಲಿಯಬಹುದು ಅಲ್ವಾ? ನಾನು ಕಲಿತೆ. ಈಗ ವಾರಕ್ಕೆ ಎರಡು ರಾತ್ರಿ ನನ್ನ ಪಾಳಿ. ಅಲಾರಾಂ ಹೊಡೆದಾಗ ಅವನು ಕಣ್ಣು ಬಿಡದೆಯೇ ಬಾಯಿ ತೆರೆಯುತ್ತಾನೆ. ಪಕ್ಕದ ಕೋಣೆಯಲ್ಲಿ ತಂಗಿ ನಿದ್ದೆ ಮಾಡುತ್ತಿರುತ್ತಾಳೆ.