ಭೀಮಾ ದಾಟಿದರೆ ಉದ್ರಿ

ಕಂಪನಿ ಕೆಲಸಕ್ಕೆಂದು ಪರಊರಿಗೆ ಹೊರಟವನ ಕಿಸೆ ಹೋಗುವಾಗ ಬರಿದಾಗುವುದಿಲ್ಲ. ಆಗ ಅಡ್ವಾನ್ಸ್ ಇರುತ್ತದೆ, ಇಸ್ತ್ರಿ ಅಂಗಿ ಇರುತ್ತದೆ, ಇನ್ನೊಂದು ಪ್ಲೇಟ್ ಹೇಳುವ ಧೈರ್ಯವೂ ಇರುತ್ತದೆ. ರೊಕ್ಕ ಕೈಕೊಡುವುದು ಬರುವಾಗಲೇ. ಸೊಲ್ಲಾಪುರದ ಚಾದರ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಸ್‌ಸ್ಟ್ಯಾಂಡು ಮುಟ್ಟಿದ ಮೇಲೆಯೇ ಬ್ಯಾಂಕಿನ ಸರ್ವರ್ ಮಲಗುತ್ತದೆ, ಫೋನಿನ ಚಾರ್ಜೂ ಮುಗಿಯುತ್ತದೆ.

ನಮ್ಮ ಹಿರಿಯರು ಪ್ರಯಾಣದ ರೊಕ್ಕವನ್ನು ಪಾಲು ಮಾಡಿ ಅಡಗಿಸುತ್ತಿದ್ದರು. ಒಳಕಿಸೆಯಲ್ಲಿ ಒಂದಿಷ್ಟು, ಚೀಲದ ತಳದಲ್ಲಿ ಒಂದಿಷ್ಟು, ಸೆರಗಿನ ಗಂಟಿನಲ್ಲಿ ಯಾರಿಗೂ ಹೇಳದ ಒಂದಿಷ್ಟು. 2016ರಲ್ಲಿ ಯುಪಿಐ ಬಂತು. ಈಗ ಎಲ್ಲ ಪಾಲೂ ಒಂದೇ ಫೋನಿನೊಳಗೆ. ನೆಟ್ ಇಲ್ಲದಿದ್ದರೂ *99# ಒತ್ತಿ 5,000 ರೂಪಾಯಿವರೆಗೆ ಕಳಿಸಬಹುದು, ನಿಜ. ಆದರೆ ಒತ್ತಲಿಕ್ಕೆ ಫೋನು ಜೀವಂತ ಇರಬೇಕಲ್ಲ!

ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು 100 ಕಿಲೋಮೀಟರು. ಈ ದಾರಿಯಲ್ಲಿ ಕಿಲೋಮೀಟರಿಗೆ ಇಷ್ಟಿಷ್ಟು ಬಡತನ ಕಡಿಮೆಯಾಗುತ್ತ ಬರುತ್ತದೆಂಬುದು ನನ್ನ ಲೆಕ್ಕ. ಸೊಲ್ಲಾಪುರದಲ್ಲಿ ಕನ್ನಡ ಆಡುವವರಿಗೆ ಬರವಿಲ್ಲ; ಕನ್ನಡದಲ್ಲಿ ಸಾಲ ಕೇಳುವಷ್ಟು ಸಲಿಗೆ ಮಾತ್ರ ಅಲ್ಲಿ ಹುಟ್ಟುವುದಿಲ್ಲ. ಹೇಗೋ ಪಕ್ಕದ ಸೀಟಿನವರಿಂದ ಟಿಕೆಟ್ ತೆಗೆಸಿಕೊಳ್ಳಬೇಕು. ಕಂಡಕ್ಟರಂತೂ ಉದ್ರಿಗೆ ಬಗ್ಗುವ ಪೈಕಿ ಅಲ್ಲ. ಆದರೆ ತಾನು ಕೊಡಬೇಕಾದ ಚಿಲ್ಲರೆಯನ್ನು ಟಿಕೆಟಿನ ಹಿಂದೆ ಬರೆದು, ಊರು ಬರುವ ತನಕ ಉದ್ರಿ ಇಡುವವನೂ ಅವನೇ.

ಟಾಕಳಿ ಹತ್ತಿರ ಭೀಮಾ ನದಿ ದಾಟಿ ಕರ್ನಾಟಕದ ಧೂಳಖೇಡ ಬಂತೆಂದರೆ ಎದೆ ಅರ್ಧ ಹಗುರ. ಝಳಕಿಯಲ್ಲಿ ಇಳಿದು ಚಹಾದಂಗಡಿ ಮುಂದೆ ಸುಮ್ಮನೆ ನಿಂತರೂ ಸಾಕು, ‘ಯಾವೂರ್ರಿ? ಯಾರ ಪೈಕಿ?’ ಎಂದು ವಿಚಾರಣೆ ಶುರು. ಬ್ಯಾಂಕಿನವರು ಸಾಲಕ್ಕೆ ಪ್ಯಾನ್, ಆಧಾರ್, ಸಂಬಳದ ಚೀಟಿ ಎಲ್ಲ ಕೇಳುತ್ತಾರೆ. ಇಲ್ಲಿ ಎರಡೇ ಪ್ರಶ್ನೆ. ‘ಅಕ್ಕನ್ನ ಇಂಡಿಗೆ ಕೊಟ್ಟೀವ್ರಿ’ ಅಂದೆ. ‘ಹೌದಾ? ಲಿಂಬಿ ರೇಟ್ ಹೆಂಗೈತ್ರಿ ಅಲ್ಲಿ?’ ಅಂದ. ಲಿಂಬೆಯ ದರ ನನಗೇನು ಗೊತ್ತು? ಏನೋ ಒಂದು ಹೇಳಿದೆ, ಅವನೂ ನಂಬಿದ. ತಲೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಬೋರ್ಡು ತೂಗುತ್ತಿರುವಾಗಲೇ ಚಹಾ ಕೈಗೆ ಬಂತು, ಕೇಳದಿದ್ದರೂ ಜೊತೆಗೆ ಬಿಸಿ ಭಜಿ.

ಮುಂದೆ ಹೊರ್ತಿ ದಾಟಿ ಗೋಳಗುಮ್ಮಟ ಕಂಡಿತೆಂದರೆ ನಾನು ಮತ್ತೆ ಅನುಕೂಲಸ್ಥ. ಆಟೋದವನು, ‘ಮನೀ ಮುಟ್ಟಿದ ಮ್ಯಾಲ ಕೊಡ್ರಿ, ಎಲ್ಲಿಗೆ ಓಡಿ ಹೋಗ್ತೀರಿ’ ಅನ್ನುತ್ತಾನೆ.

ಪೇಚು ಬರುವುದು ಮರುದಿನ, ಟಿ.ಎ. ಬಿಲ್ ಬರೆಯಲು ಕೂತಾಗ. ಖರ್ಚಿಗೆಲ್ಲ ರಸೀದಿ ಹಚ್ಚಬೇಕಂತೆ. ಉದ್ರಿ ಚಹಾಕ್ಕೆ ಯಾವ ಪುಣ್ಯಾತ್ಮ ರಸೀದಿ ಹರಿದು ಕೊಡುತ್ತಾನೆ? ‘ಇತರೆ’ ಕಾಲಮ್ಮಿನಲ್ಲಿ 40 ರೂಪಾಯಿ ಬರೆದಿದ್ದೇನೆ. ‘ಯಾತರ ಇತರೆ?’ ಎಂದು ಅಕೌಂಟ್ಸಿನವರು ಕೇಳಿದರೆ, ಅಕ್ಕನನ್ನು ಇಂಡಿಗೆ ಕೊಟ್ಟಲ್ಲಿಂದಲೇ ಶುರು ಮಾಡಬೇಕಾಗುತ್ತದೆ.