ರೇಸ್ ಕಾರಿನ ಮುಂದಿನ ಗ್ಲಾಸು: ಪ್ಲಾಸ್ಟಿಕ್ಕೋ, ಗಾಜೋ?

ಹಳೇ ಮಾರುತಿ 800 ಕೊಂಡು, ಹಿಂದಿನ ಸೀಟು ಕಿತ್ತು, ರೋಲ್ ಕೇಜ್ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಪೈಪಿನ ಚೌಕಟ್ಟು) ಕೂರಿಸಿ ಮಣ್ಣಿನ ಟ್ರ್ಯಾಕಿಗೆ ಇಳಿಯಬೇಕೆನ್ನುವ ಕಲಬುರಗಿಯ ಹುಡುಗರಿಗೆ ಈ ಪ್ರಶ್ನೆ ಬಂದೇ ಬರುತ್ತದೆ.

ಪರ: ಪ್ಲಾಸ್ಟಿಕ್ಕೇ ಹಾಕಿ

ಮೊದಲು ತೂಕ ನೋಡಿ. 6 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಗಾಜು 15 ಕೆಜಿ ತೂಗುತ್ತದೆ. ನಾವು ಹೇಳುವ ಪ್ಲಾಸ್ಟಿಕ್ಕು ಪಾಲಿಕಾರ್ಬೊನೇಟ್, ಅಂದರೆ ಒಡೆಯದೆ ಬಾಗುವ ಗಟ್ಟಿ ಪಾರದರ್ಶಕ ಶೀಟು; ಅಷ್ಟೇ ಅಳತೆಯದು 7 ಕೆಜಿ ಚಿಲ್ಲರೆ. ಇಷ್ಟರಿಂದ ಏನಾಗುತ್ತೆ ಅನ್ನಬೇಡಿ. ಇಳಿಯುವುದು ಕಾರಿನ ಮೇಲ್ಭಾಗದ ಭಾರ. ಅದು ಕಮ್ಮಿಯಾದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಮ್ಮಿ. ಇನ್ನು 800 ಸಿಸಿ ಎಂಜಿನ್ನಿಗಂತೂ ಕೆಜಿ ಕೆಜಿಯೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಕಲ್ಲು. ಮಣ್ಣಿನ ಟ್ರ್ಯಾಕಿನಲ್ಲಿ ಮುಂದಿನ ಕಾರಿನ ಟೈರು ಕಲ್ಲು ಎಸೆಯುತ್ತಲೇ ಇರುತ್ತದೆ. ಲ್ಯಾಮಿನೇಟೆಡ್ ಗಾಜು (ಎರಡು ಗಾಜಿನ ನಡುವೆ ತೆಳು ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು) ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದುಕೊಳ್ಳುತ್ತದೆ, ನಿಜ. ಆದರೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟ ಮೇಲೆ ದಾರಿ ಕಾಣಬೇಕಲ್ವಾ? ಪಾಲಿಕಾರ್ಬೊನೇಟ್ ಅದೇ ಏಟಿಗೆ ಬಾಗಿ, ಒಂದು ಗುರುತು ಉಳಿಸಿಕೊಂಡು ಸುಮ್ಮನಾಗುತ್ತದೆ. ಅಮೆರಿಕದ ನಾಸ್ಕಾರ್ ಕಾರ್ ರೇಸಿನಲ್ಲಿ ಚಾಲಕರ ಮುಂದಿರುವುದೂ ಇದೇ.

ಒಂದು ಮಾತು. ಬೋರ್ಡ್ ಮಾಡುವ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಶೀಟು ಬೇರೆ, ಇದು ಬೇರೆ. ಅಕ್ರಿಲಿಕ್ ಚೂಪು ಚೂರುಗಳಾಗಿ ಒಡೆಯುತ್ತದೆ. ಅದನ್ನು ಮುಟ್ಟಲೇಬೇಡಿ.

ವಿರೋಧ: ನಮ್ಮ ಧೂಳಿಗೆ ಗಾಜೇ ಸರಿ

ನಾಸ್ಕಾರ್‌ನವರು ಆ ಪ್ಲಾಸ್ಟಿಕ್ಕಿನ ಮೇಲೆ ತೆಳು ಫಿಲ್ಮ್ ಪದರಗಳನ್ನು ಅಂಟಿಸಿರುತ್ತಾರೆ. ಗಲೀಜಾದಂತೆ ಪಿಟ್‌ನಲ್ಲಿ (ಓಟದ ನಡುವೆ ಕಾರು ನಿಲ್ಲಿಸಿ ಸರಿಮಾಡುವ ಜಾಗ) ಒಂದೊಂದೇ ಕಿತ್ತೆಸೆಯುತ್ತಾರೆ. ನಮ್ಮಲ್ಲಿ ಇರುವುದು ವೈಪರ್ ಮತ್ತು ಒಂದು ಹಳೇ ಬಟ್ಟೆ. ಧೂಳು ಕೂತ ಪಾಲಿಕಾರ್ಬೊನೇಟ್ ಮೇಲೆ ವೈಪರ್ ಒಂದು ಸಲ ಓಡಲಿ, ಅರ್ಧ ಚಂದ್ರದ ಆಕಾರದಲ್ಲಿ ಗೀರು ಬೀಳುತ್ತದೆ. ಸಂಜೆ ಬಿಸಿಲು ಎದುರಿಗೆ ಬಂದಾಗ ಆ ಗೀರುಗಳೆಲ್ಲ ಹೊಳೆದು ಟ್ರ್ಯಾಕ್ ಮಾಯ. ಮೇಲೆ ಗಟ್ಟಿ ಕೋಟಿಂಗ್ ಇರುವ ಶೀಟು ತಡೆಯುತ್ತದೆ, ಆದರೆ ಅದರ ಬೆಲೆ ಜಾಸ್ತಿ. ಪೆಟ್ರೋಲು, ಥಿನ್ನರ್, ಅಮೋನಿಯಾ ಇರುವ ಕ್ಲೀನರ್ ಯಾವುದೂ ತಾಗಬಾರದು. ಗ್ಯಾರೇಜಿನಲ್ಲಿ ಇದನ್ನು ಎಷ್ಟು ಜನಕ್ಕೆ ಹೇಳ್ತೀರಿ?

ಬಿಸಿಲಿನದು ಇನ್ನೊಂದು ಕಥೆ. ತಾಪ 30 ಡಿಗ್ರಿ ಏರಿದರೆ ಒಂದು ಮೀಟರ್ ಪಾಲಿಕಾರ್ಬೊನೇಟ್ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಗಾಜು ಕಾಲು ಮಿಲಿಮೀಟರ್ ಆಸುಪಾಸು. ನಮ್ಮ ಮೇ ತಿಂಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸಿಟ್ಟ ಕಾರಿನ ಗ್ಲಾಸು ಅಷ್ಟು ಕಾಯುವುದು ಏನೂ ದೊಡ್ಡದಲ್ಲ. ಹಾಗಾಗಿ ಬೋಲ್ಟಿಗಿಂತ ತೂತು ದೊಡ್ಡದಿರಬೇಕು, ಕೆಳಗೆ ರಬ್ಬರ್ ವಾಷರ್ ಇರಬೇಕು. "ಇನ್ನೊಂದ್ ಸುತ್ತು ಟೈಟ್ ಮಾಡ್ರಿ ಅಣ್ಣಾ" ಅಂದರೆ ತೂತಿನಿಂದಲೇ ಬಿರುಕು ಶುರು. ವೇಗ ಹೆಚ್ಚಿದಾಗ ಗಾಳಿಯ ಒತ್ತಡಕ್ಕೆ ಶೀಟು ಒಳಗೆ ಬಾಗದಂತೆ ಹಿಂದೆ ಪಟ್ಟಿಯನ್ನೂ ಕೊಡಬೇಕು.

ರ‍್ಯಾಲಿಗೆ ಹೋಗುವವರಿಗಂತೂ ಈ ಚರ್ಚೆಯೇ ಬೇಡ. ಅಲ್ಲಿ ಸ್ಪರ್ಧೆಯ ಒಂದು ಹಂತದಿಂದ ಇನ್ನೊಂದಕ್ಕೆ ಸಾಮಾನ್ಯ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಮುಂದೆ ಲ್ಯಾಮಿನೇಟೆಡ್ ಗಾಜೇ ಬೇಕು.

ತೂಕ ಇಳಿಸಲೇಬೇಕಾ? ಹಿಂದಿನ ಮತ್ತು ಪಕ್ಕದ ಗಾಜು ತೆಗೆದು ಅಲ್ಲಿ ಪಾಲಿಕಾರ್ಬೊನೇಟ್ ಹಾಕಿ. ವೈಪರ್ ಕಾಟವಿಲ್ಲ, ಗೀರು ಬಿದ್ದರೂ ನಡೆಯುತ್ತದೆ. ಆದರೆ ಅದು ಬರೀ ಟ್ರ್ಯಾಕಿನಲ್ಲಿ ಓಡುವ ಕಾರಿಗೆ. ಆಯೋಜಕರ ನಿಯಮ ಅದಕ್ಕೆ ಒಪ್ಪುತ್ತದಾ ಅಂತ ಶೀಟು ಕತ್ತರಿಸುವ ಮೊದಲೇ ಕೇಳಿಕೊಳ್ಳಿ.